ಹೊಸ್ತಿಲು ದಾಟಿದ ಮೇಲೆ

ಕಾಲೇಜುಗಳಲ್ಲಿ ಸಮಾನತೆಯನ್ನು ಹೇಗೆ ನೆಲೆಗೊಳಿಸಬೇಕೆಂಬ ಪ್ರಶ್ನೆ ಮತ್ತೊಮ್ಮೆ ದೇಶದ ಅತ್ಯುಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2026ರ ಜನವರಿಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಈ ಬಗೆಗೆ ಹೊಸ ನಿಯಮಾವಳಿಯನ್ನು ಪ್ರಕಟಿಸಿತು. ಆ ತಿಂಗಳು ಮುಗಿಯುವ ಮೊದಲೇ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿ, ಮುಂದಿನ ನಿರ್ಣಯದವರೆಗೆ 2012ರ ಹಳೆಯ ನಿಯಮಗಳೇ ನಡೆಯಲೆಂದು ಹೇಳಿತು. ಈ ನಡುವೆ ಪರವಾಗಿ ಕೆಲವರು, ವಿರೋಧವಾಗಿ ಕೆಲವರು ಬೀದಿಗಿಳಿದರು. ನಿಯಮದ ರಕ್ಷಣೆ ಯಾರಿಗೆ ಸಲ್ಲಬೇಕು, ಸುಳ್ಳು ದೂರಿಗೆ ಶಿಕ್ಷೆ ಬೇಕೇ ಬೇಡವೇ ಎಂಬ ಚರ್ಚೆ ಬಿಸಿಯೇರಿತು. ಆ ಗದ್ದಲದಲ್ಲಿ ಒಂದು ಸಣ್ಣ ಪ್ರಶ್ನೆಯನ್ನು ಯಾರೂ ಕೇಳಿದಂತೆ ಕಾಣಲಿಲ್ಲ. ಹಳೆಯ ನಿಯಮಗಳನ್ನು ನಮ್ಮ ಕಾಲೇಜುಗಳಲ್ಲಿ ಓದಿದವರು ಎಷ್ಟು ಮಂದಿ?

ಓದಿದವರಿಗೆ ಒಂದೆರಡು ಸಂಗತಿಗಳು ಆಶ್ಚರ್ಯವೆನಿಸಿಯಾವು. ಜಾತಿ, ಮತ, ಲಿಂಗ, ಅಂಗವೈಕಲ್ಯಗಳ ಜೊತೆಗೆ ಭಾಷೆಯೂ ಭೇದಭಾವಕ್ಕೆ ಕಾರಣವಾಗಕೂಡದೆಂದು ಆ ನಿಯಮಗಳು ಹೇಳುತ್ತವೆ. ತರಗತಿಯಲ್ಲಿ ವಿದ್ಯಾರ್ಥಿಯ ಜಾತಿಯನ್ನು ಎತ್ತಿ ಹೇಳುವುದನ್ನೂ ಅವನಿಗೆ ಮೀಸಲಾತಿಯ ಹಣೆಪಟ್ಟಿ ಹಚ್ಚುವುದನ್ನೂ ಅವು ನಿಷೇಧಿಸುತ್ತವೆ. ಪ್ರತಿಯೊಂದು ಸಂಸ್ಥೆಯಲ್ಲಿ ಸಮಾನ ಅವಕಾಶದ ಘಟಕವೊಂದು ಇರಬೇಕು, ದೂರನ್ನು ಕೇಳುವ ಅಧಿಕಾರಿಯೊಬ್ಬರು ಇರಬೇಕು ಎಂದು ವಿಧಿಸುತ್ತವೆ. ಇಷ್ಟೆಲ್ಲ ಇದ್ದೂ 2016ರ ಜನವರಿ 17ರಂದು ಹೈದರಾಬಾದು ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿ ರೋಹಿತ್ ವೇಮುಲ ತೀರಿಕೊಂಡರು. 2019ರ ಮೇ ತಿಂಗಳಲ್ಲಿ ಮುಂಬಯಿಯ ಯುವ ವೈದ್ಯೆ ಪಾಯಲ್ ತಡವಿ ತೀರಿಕೊಂಡರು. ನಿಯಮಗಳು ಕಾಗದದ ಮೇಲೆಯೇ ಉಳಿದಿವೆ ಎಂದು ಈ ಇಬ್ಬರ ತಾಯಂದಿರೂ 2019ರಲ್ಲಿ ಸುಪ್ರೀಂ ಕೋರ್ಟಿಗೆ ಮೊರೆಯಿಟ್ಟರು. ಹೊಸ ನಿಯಮಾವಳಿಯ ಹಿನ್ನೆಲೆಯಲ್ಲಿ ಇದ್ದುದು ಆ ಮೊರೆ.

ಈ ವಿಚಾರವನ್ನು ದೆಹಲಿಯ ಕಡೆಯಿಂದ ನೋಡುವವರು ಅನೇಕರಿದ್ದಾರೆ. ಕೃಷ್ಣೆಯ ಈ ದಂಡೆಯಿಂದ, ಸುರಪುರ, ಶಹಾಪುರ, ಯಾದಗಿರಿಗಳ ಕಡೆಯಿಂದ ನೋಡಿದರೆ ಅದು ಬೇರೆಯಾಗಿಯೇ ಕಾಣುತ್ತದೆ. ವಿದ್ಯೆಯ ಬಾಗಿಲ ಹೊರಗೆ ನಿಲ್ಲುವುದು ಏನೆಂಬುದು ಈ ನೆಲಕ್ಕೆ ಚೆನ್ನಾಗಿ ಗೊತ್ತು. 1857-58ರ ಹೋರಾಟದಲ್ಲಿ ರಾಜಾ ವೆಂಕಟಪ್ಪ ನಾಯಕರ ಸಂಸ್ಥಾನ ಮುರಿದುಬಿದ್ದ ಮೇಲೆ, 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ಮುಂದೆ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪಿತವಾದಾಗ ಅದು ದೇಶೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ಸಾಹಸವೆಂದು ಹೊಗಳಿಸಿಕೊಂಡಿತು. ಆ ಹೊಗಳಿಕೆ ಅಯೋಗ್ಯವಾದದ್ದೇನಲ್ಲ. ಆದರೆ ಆ ಭಾಷೆ ಉರ್ದು. ಮನೆಯಲ್ಲಿ ಕನ್ನಡವಾಡುವ ಹುಡುಗನಿಗೆ ಅದೂ ಇಂಗ್ಲಿಷಿನಷ್ಟೇ ಎತ್ತರದ ಗೋಡೆಯಾಯಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿದು, 1956ರ ನವೆಂಬರಿನಲ್ಲಿ ಈ ಜಿಲ್ಲೆಗಳು ಕನ್ನಡ ನಾಡನ್ನು ಕೂಡಿಕೊಂಡವು. ಗೋಡೆ ಬಿದ್ದರೂ ಅದರ ನೆರಳು ಉಳಿಯಿತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವೇ ಆಗಿದ್ದವು. ಸುರಪುರ, ಶಹಾಪುರ, ಯಾದಗಿರಿ ಮೂರೂ ಆ ಪಟ್ಟಿಯಲ್ಲಿದ್ದವು.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದಾಗ ಯಾದಗಿರಿ ಜಿಲ್ಲೆಯದು 51.83, ರಾಜ್ಯದಲ್ಲೆಲ್ಲ ಕನಿಷ್ಠ. ಹೆಂಗಸರಲ್ಲಿ ಅದು 41.38 ಮಾತ್ರ. ಈ ಅಂಕಿಗಳು ಹಳೆಯವು, ನಿಜ. ಆದರೆ ಇಂದು ಪದವಿ ತರಗತಿಯ ಬೆಂಚಿನ ಮೇಲೆ ಕುಳಿತಿರುವ ಹುಡುಗಿಯ ತಾಯಿ ಎಣಿಕೆಯಾದದ್ದು ಆ ಗಣತಿಯಲ್ಲಿಯೇ. ಅಕ್ಷರ ಬಾರದ ಶೇಕಡಾ 58ಕ್ಕೂ ಮಿಕ್ಕ ಹೆಂಗಸರಲ್ಲಿ ಆಕೆಯೂ ಒಬ್ಬಳಾಗಿರುವ ಸಂಭವವೇ ಹೆಚ್ಚು. ಮಗಳು ಏನು ಓದುತ್ತಿದ್ದಾಳೆ, ಪರೀಕ್ಷೆ ಯಾವಾಗ, ಅರ್ಜಿ ತುಂಬುವ ಕೊನೆಯ ದಿನ ಯಾವುದು ಎಂದು ವಿಚಾರಿಸಿ ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಇರಲಾರರು. ಸಮಾನತೆಯ ಮಾತನ್ನು ಈ ಹುಡುಗಿಯನ್ನು ಕಣ್ಣೆದುರಿಗಿಟ್ಟುಕೊಂಡೇ ಆಡಬೇಕು.

ಆಕೆಯನ್ನು ಕಾಲೇಜಿನ ಹೊಸ್ತಿಲವರೆಗೆ ಕರೆತರುವಲ್ಲಿ ಕಾನೂನು ಮಾಡಿರುವ ಕೆಲಸ ಅಲ್ಪವಲ್ಲ. ಸಂವಿಧಾನದ ಮೀಸಲಾತಿಯ ಜೊತೆಗೆ, 98ನೆಯ ತಿದ್ದುಪಡಿಯಿಂದ ಸೇರಿದ 371ಜೆ ವಿಧಿಯ ಮೇರೆಗೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70ರಷ್ಟು ಸ್ಥಾನಗಳು ಇಲ್ಲಿಯ ಮಕ್ಕಳಿಗೆ ದೊರೆತವು. ರಾಜ್ಯದ ಇತರ ಕಡೆಯ ಸಂಸ್ಥೆಗಳಲ್ಲಿಯೂ ಶೇಕಡಾ 8 ಸಿಕ್ಕಿತು. ಊರೂರುಗಳಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳೂ ಎದ್ದವು. 2023ರ ಜೂನಿನಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ, ಹಳ್ಳಿಯಿಂದ ದಿನವೂ ಬಂದುಹೋಗುವ ವಿದ್ಯಾರ್ಥಿನಿಯ ಓದು ತಂದೆಯ ಜೇಬನ್ನು ಕಾಯುವುದು ತಪ್ಪಿತು. ಇವೆಲ್ಲ ಬಾಗಿಲನ್ನು ಅಗಲಿಸಿದ ಕ್ರಮಗಳು. ಆದರೆ ಹೊಸ್ತಿಲು ದಾಟಿದ ಮೇಲೆ ಏನಾಗುತ್ತದೆ? ಒಳಗೆ ಬಂದವರನ್ನು ನಾವು ಯಾವ ರೀತಿಯಿಂದ ಬರಮಾಡಿಕೊಳ್ಳುತ್ತೇವೆ?

ಇಲ್ಲಿ ನಮ್ಮ ಕಾಲೇಜುಗಳು ಒಂದು ಭ್ರಮೆಗೆ ಒಳಗಾಗಿವೆ ಎಂದು ತೋರುತ್ತದೆ. ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದರೆ ಎಲ್ಲರೂ ಸಮಾನರಾದರು ಎಂಬುದೇ ಆ ಭ್ರಮೆ. ಒಂದೇ ಬಗೆಯ ಮಾತು, ಒಂದೇ ಲೆಕ್ಕದ ಹಾಜರಿ, ಒಂದೇ ತೆರನ ಉಡುಪು. ಮೇಲುನೋಟಕ್ಕೆ ಇದರಲ್ಲಿ ಪಕ್ಷಪಾತವಿಲ್ಲ. ಆದರೆ ಆ ಅಚ್ಚು ಯಾರ ಅಳತೆಗೆ ಮಾಡಿದ್ದು ಎಂದು ಕೇಳಿದಾಗ ಪಕ್ಷಪಾತ ಹೊರಬೀಳುತ್ತದೆ.

ಮೊದಲು ಮಾತಿನ ವಿಷಯವನ್ನೇ ತೆಗೆದುಕೊಳ್ಳೋಣ. ಕನ್ನಡ ಕಲಿಸುವವರಿಗೆ ಅದು ಹತ್ತಿರದ್ದು. ಸುರಪುರದ ಕಡೆಯ ಹುಡುಗ ತರಗತಿಯಲ್ಲಿ ಎದ್ದುನಿಂತು 'ಮನಿಗಿ ಹೋಗ್ಯಾನ್ರಿ' ಎಂದರೆ ಪೇಟೆಯ ಶಾಲೆಯಿಂದ ಬಂದ ನಾಲ್ವರು ನಗುತ್ತಾರೆ. ಕೆಲವೊಮ್ಮೆ ಅಧ್ಯಾಪಕರ ಮುಖದಲ್ಲಿಯೂ ನಗು ಸುಳಿಯುತ್ತದೆ. ಆ ದಿನದಿಂದ ಹುಡುಗ ಹಿಂದಿನ ಬೆಂಚಿಗೆ ಸರಿಯುತ್ತಾನೆ, ಮತ್ತೆ ಪ್ರಶ್ನೆ ಕೇಳುವುದಿಲ್ಲ. ತಾಂಡಾದಿಂದ ಬಂದ ಲಂಬಾಣಿ ಹುಡುಗಿಗೆ ಕನ್ನಡವೇ ಎರಡನೆಯ ಭಾಷೆ. ಉರ್ದು ಮನೆಮಾತಿನವರ, ಗುರುಮಠಕಲ್ಲಿನ ಕಡೆಯ ತೆಲುಗರ ಮಕ್ಕಳ ಕಷ್ಟವೂ ಇದೇ. ಇವರೆಲ್ಲರ ಮೇಲೆ ವಾಣಿಜ್ಯ, ವಿಜ್ಞಾನ ತರಗತಿಗಳಲ್ಲಿ ಇಂಗ್ಲಿಷು ಬಂದು ಕೂಡುತ್ತದೆ. ಗ್ರಂಥಸ್ಥ ಕನ್ನಡವನ್ನು ಕಲಿಸಬಾರದೆಂದು ಇದರ ಅರ್ಥವಲ್ಲ. ಅದನ್ನು ಕಲಿಸುವುದು ನಮ್ಮ ಧರ್ಮ. ಅದು ಕೈಗೆ ಸಿಕ್ಕದಿದ್ದರೆ ಹುಡುಗನ ಮುಂದಿನ ದಾರಿಗಳು ಮುಚ್ಚುತ್ತವೆ. ಆದರೆ ಒಂದು ಮಾತನ್ನು ಕಲಿಸುವುದಕ್ಕೆ ಇನ್ನೊಂದು ಮಾತನ್ನು ಹೀನಗೊಳಿಸಬೇಕೆ? ಈ ಭಾಗದ ಮಳಖೇಡದಿಂದಲೇ ಆಳಿದ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಹುಟ್ಟಿದ 'ಕವಿರಾಜಮಾರ್ಗ'ದ ಕರ್ತೃವಿಗೆ ಕನ್ನಡದ ಬಗೆಗಳು ಲೆಕ್ಕವಿಲ್ಲದಷ್ಟು ಎಂಬುದು ಗೊತ್ತಿತ್ತು. ಸಾವಿರ ಹೆಡೆಯ ವಾಸುಕಿಗೂ ಅವನ್ನೆಲ್ಲ ಅರಿಯಲಾಗದೆಂದು ಆತ ಹೇಳಿದ್ದಾನೆ. ಮಾರ್ಗವನ್ನು ಬೋಧಿಸಲು ಹೊರಟವನೇ ದೇಸಿಯ ಮುಂದೆ ಇಷ್ಟು ವಿನಯ ತೋರಿರುವಾಗ, ಆ ಗ್ರಂಥವನ್ನು ಪಾಠ ಹೇಳುವ ನಮ್ಮ ತರಗತಿಯಲ್ಲಿ 'ಮನಿಗಿ' ಎಂಬ ಮಾತಿಗೆ ನಗೆ ಏಳುವುದು ಉಚಿತವಲ್ಲ.

ಎರಡನೆಯದು ಹಾಜರಿಯ ಲೆಕ್ಕ. ಶೇಕಡಾ 75 ಹಾಜರಿ ಇಲ್ಲದವರು ಪರೀಕ್ಷೆಗೆ ಕೂಡುವಂತಿಲ್ಲವೆಂಬ ನಿಯಮ ಎಲ್ಲರಿಗೂ ಒಂದೇ. ಆದರೆ ಎಲ್ಲರ ವರ್ಷವೂ ಒಂದೇ ಅಲ್ಲ. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯ ನೀರು ಈ ತಾಲ್ಲೂಕುಗಳ ಎಷ್ಟೋ ಹೊಲಗಳನ್ನು ಹಸಿರಾಗಿಸಿದೆ. ನೀರು ಮುಟ್ಟದ ಊರುಗಳಿಂದ ಮಾತ್ರ ಗುಳೆ ಹೋಗುವುದು ನಿಂತಿಲ್ಲ. ತಂದೆತಾಯಿಗಳು ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ಕಟ್ಟಡದ ಕೆಲಸಕ್ಕೆ ಹೋದಾಗ ಮನೆ, ಮುದುಕರು, ಸಣ್ಣ ಮಕ್ಕಳು ಎಲ್ಲವೂ ಓದುವ ಮಗಳ ಪಾಲಿಗೆ ಬೀಳುತ್ತವೆ. ಹತ್ತಿ ಬಿಡಿಸುವ ಕಾಲದಲ್ಲಿ ದಿನದ ಕೂಲಿಯನ್ನು ಬಿಟ್ಟು ಪಾಠಕ್ಕೆ ಬರುವುದು ಎಲ್ಲರಿಗೂ ಸಾಧ್ಯವಾಗದು. ಪೇಟೆಯ ಅಂಗಡಿಕಾರರ ಮಗ ಸಿನಿಮಾಕ್ಕೆ ಹೋಗಿ ತಪ್ಪಿಸಿಕೊಂಡ ತರಗತಿಯೂ ಈಕೆ ಹೊಲದಲ್ಲಿದ್ದು ತಪ್ಪಿಸಿಕೊಂಡ ತರಗತಿಯೂ ಹಾಜರಿ ಪುಸ್ತಕದಲ್ಲಿ ಒಂದೇ ಗುರುತಾಗಿ ನಿಲ್ಲುತ್ತವೆ. ಪುಸ್ತಕ ಸುಳ್ಳು ಹೇಳುವುದಿಲ್ಲ. ಆದರೆ ನಿಜವನ್ನೆಲ್ಲ ಹೇಳುವುದೂ ಇಲ್ಲ. ಹಾಜರಿಯ ನಿಯಮವನ್ನು ಕಿತ್ತೊಗೆಯಬೇಕಾಗಿಲ್ಲ. ಗೈರುಹಾಜರಿಗೆ ಕಾರಣವನ್ನು ಕೇಳಿ, ಬಿಟ್ಟುಹೋದ ಪಾಠವನ್ನು ಮತ್ತೆ ಹೇಳುವ ಏರ್ಪಾಡು ಮಾಡಿ, ಆಮೇಲೆ ಲೆಕ್ಕ ಹಾಕಿದರೆ ಸಾಕು.

ಇದರೊಡನೆ ಸೇರಿದ್ದು ಪಟ್ಟಿಗಳ ಪ್ರಶ್ನೆ. ವಿದ್ಯಾರ್ಥಿವೇತನ ಹಲವರ ಓದಿಗೆ ಆಧಾರ. ಅದು ವರ್ಗಾನುಸಾರ ಬರುವುದರಿಂದ ಪಟ್ಟಿಯೂ ವರ್ಗಾನುಸಾರವೇ ಆಗಬೇಕಾಗುತ್ತದೆ. ಆ ಪಟ್ಟಿಯನ್ನು ಕಚೇರಿಯ ಒಳಗೆ ಇಟ್ಟುಕೊಳ್ಳುವುದು ಬೇರೆ. ಗುಮಾಸ್ತರು ತರಗತಿಯ ಬಾಗಿಲಲ್ಲಿ ನಿಂತು ಇಂಥಿಂಥ ಜಾತಿಯವರು ಬಂದು ಸಹಿ ಹಾಕಿರೆಂದು ಕೂಗುವುದು ಬೇರೆ. ಹಾಗೆ ಕೂಗುವುದರಲ್ಲಿ ಕೂಗಿದವರಿಗೆ ದುರುದ್ದೇಶವೇನೂ ಇರಲಾರದು. ಆದರೆ ಎದ್ದುನಿಂತ ಹುಡುಗನ ಕಡೆಗೆ ಅರುವತ್ತು ಕಣ್ಣುಗಳು ತಿರುಗುತ್ತವೆ. 2012ರ ನಿಯಮ ನಿಷೇಧಿಸಿದ್ದು ಇದನ್ನೇ. ವಿದ್ಯಾರ್ಥಿನಿಲಯಗಳ ಕತೆಯೂ ಯೋಚಿಸತಕ್ಕದ್ದೇ. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳು ಬೇರೆ ಬೇರೆಯಾಗಿ ನಿಲಯಗಳನ್ನು ನಡೆಸದಿದ್ದರೆ ಸಾವಿರಾರು ಮಕ್ಕಳಿಗೆ ಓದೇ ಇರುತ್ತಿರಲಿಲ್ಲ. ಅವುಗಳ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೂ ಹಗಲು ಒಂದೇ ಕೋಣೆಯಲ್ಲಿ ಕುಳಿತವರು ಸಂಜೆ ಬೇರೆ ಬೇರೆ ಸಾಲಿನಲ್ಲಿ ಉಣ್ಣಲು ಹೋಗುತ್ತಾರೆಂಬುದೂ ನಿಜ. ಈ ಕೊರತೆಯನ್ನು ತುಂಬಿಕೊಡುವ ಹೊಣೆ ಕಾಲೇಜಿನದು. ಆಟ, ನಾಟಕ, ಗ್ರಂಥಾಲಯ, ಪ್ರವಾಸ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ, ಇವು ಬರಿಯ ಮನೋರಂಜನೆಯಲ್ಲ. ಬೇರೆ ಬೇರೆ ಸೂರುಗಳ ಮಕ್ಕಳು ಒಂದೇ ಅಡಿಗೆಯನ್ನು ಕೂಡಿ ಮಾಡಿ ಉಣ್ಣುವ ಸಂದರ್ಭ ಅಂಥ ಶಿಬಿರದಲ್ಲಿ ಮಾತ್ರ ಒದಗುತ್ತದೆ.

ಮೂರನೆಯದು ಉಡುಪು. ನಾಡನ್ನೇ ಕಲಕಿದ ಪ್ರಶ್ನೆಯಿದು. ಉಡುಪಿಯ ಪದವಿಪೂರ್ವ ಕಾಲೇಜೊಂದರಲ್ಲಿ ಎದ್ದ ವಿವಾದ 2022ರ ಫೆಬ್ರವರಿ 5ರ ಸರಕಾರಿ ಆದೇಶಕ್ಕೆ ದಾರಿಯಾಯಿತು. ಮಾರ್ಚ್ 15ರಂದು ಕರ್ನಾಟಕದ ಉಚ್ಚ ನ್ಯಾಯಾಲಯ ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೇಮಂತ ಗುಪ್ತರು ಅದನ್ನು ಒಪ್ಪಿದರೆ, ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ಒಪ್ಪಲಿಲ್ಲ. ತರಗತಿಯ ಬಾಗಿಲಲ್ಲಿ ತಡೆದು ಆ ಹುಡುಗಿಯ ಬಾಳನ್ನು ನಾವು ಉತ್ತಮಗೊಳಿಸಿದೆವೇ ಎಂಬುದು ಅವರ ವಿಚಾರದ ಸಾರ. ಮೂರು ವರ್ಷಗಳ ತರುವಾಯ, 2025ರ ಏಪ್ರಿಲಿನಲ್ಲಿ, ಇದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ಬಂದಿತು. ಸಾಮಾನ್ಯ ಪ್ರವೇಶ ಪರೀಕ್ಷೆಯ ದಿನ ಶಿವಮೊಗ್ಗ, ಬೀದರುಗಳಲ್ಲಿ ಜನಿವಾರ ಧರಿಸಿದ ವಿದ್ಯಾರ್ಥಿಗಳನ್ನು ತಡೆಯಲಾಯಿತು. ಜನಿವಾರ ತೆಗೆಯಲೊಪ್ಪದ ಬೀದರಿನ ಹುಡುಗನಿಗೆ ಗಣಿತದ ಪರೀಕ್ಷೆಯೇ ತಪ್ಪಿಹೋಯಿತು. ಅದು ಅನ್ಯಾಯವೆಂದು ಎಲ್ಲರೂ ಹೇಳಿದರು. ಸಂಬಂಧಪಟ್ಟವರ ಮೇಲೆ ಕ್ರಮವೂ ಆಯಿತು. ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಧೈರ್ಯ ನಮ್ಮಲ್ಲಿ ಅನೇಕರಿಗೆ ಬರಲಿಲ್ಲ. ಒಬ್ಬರಿಗೆ ಮೊದಲನೆಯದು ಮಾತ್ರ ಅನ್ಯಾಯ, ಮತ್ತೊಬ್ಬರಿಗೆ ಎರಡನೆಯದು ಮಾತ್ರ.

ಸಮವಸ್ತ್ರಕ್ಕೆ ಅದರದೇ ಆದ ಗುಣವಿದೆ ಎಂಬುದನ್ನು ಅಲ್ಲಗಳೆಯಲಾಗದು. ಹರಿದ ಅಂಗಿಯವನನ್ನೂ ಜರತಾರಿಯವನನ್ನೂ ಒಂದೇ ಬಣ್ಣದ ಕೆಳಗೆ ತಂದು ಬಡತನದ ನಾಚಿಕೆಯನ್ನು ಅದು ಮರೆಸುತ್ತದೆ. ಆದರೆ ಬಡತನವನ್ನು ಮರೆಸುವುದಕ್ಕೆಂದು ಹುಟ್ಟಿದ ಬಟ್ಟೆ, ಮನುಷ್ಯನ ನಂಬಿಕೆಯನ್ನು ಕಳಚಿಡುವ ಷರತ್ತಾಗಬೇಕೆ ಎಂಬುದು ಬೇರೆಯೇ ಪ್ರಶ್ನೆ. ಅದರ ಅಂತಿಮ ನಿರ್ಣಯ ನ್ಯಾಯಪೀಠಕ್ಕೆ ಸೇರಿದ್ದು. ಕಾಲೇಜಿಗೆ ಸೇರಿದ್ದು ಇಷ್ಟೇ: ವಾದ ನ್ಯಾಯಾಲಯದಲ್ಲಿ ನಡೆಯುತ್ತಿರಲಿ, ಅದು ಮುಗಿಯುವವರೆಗೆ ಮಗು ತರಗತಿಯಲ್ಲಿರಲಿ. ವ್ಯಾಜ್ಯಕ್ಕೆ ಹತ್ತು ವರ್ಷ ಕಾಯುವ ತಾಳ್ಮೆಯಿದೆ. ಹದಿನೇಳು ವರ್ಷದ ಪ್ರಾಯಕ್ಕೆ ಅದಿಲ್ಲ.

ಏಕರೂಪತೆ ಇಲ್ಲದೆ ಒಗ್ಗಟ್ಟು ಹೇಗೆ ಬಂದೀತು ಎಂದು ಕೇಳುವವರುಂಟು. ಅವರು ಒಮ್ಮೆ ತಿಂಥಣಿಯ ಕಡೆಗೆ ನೋಡಬೇಕು. ಸುರಪುರದಿಂದ ಲಿಂಗಸುಗೂರಿನ ದಾರಿ ಹಿಡಿದರೆ ಕೃಷ್ಣೆಯ ದಂಡೆಯ ಮೇಲೆ ಸಿಗುವ ಊರದು. ಹತ್ತಿರದ ದೇವರಗೋನಾಲದಲ್ಲಿ, ವಿಶ್ವಕರ್ಮರ ಮನೆಯಲ್ಲಿ, ಸುಮಾರು ನಾಲ್ಕು ಶತಮಾನಗಳ ಹಿಂದೆ ಹುಟ್ಟಿದ ಮೌನಪ್ಪಯ್ಯ ಕೊನೆಗೆ ನೆಲೆಸಿದ್ದು ಇಲ್ಲಿ. ಬಿಜಾಪುರದ ಸುಲ್ತಾನರ ಕಾಲವದು. ಹಿಂದೂ ಭಕ್ತರಿಗೆ ಅವನು ಮೌನೇಶ್ವರ, ಮುಸಲ್ಮಾನ ಭಕ್ತರಿಗೆ ಮೌನುದ್ದೀನ. ಅವನ ಗುಡಿಯ ಕಟ್ಟಡದಲ್ಲಿ ಇಸ್ಲಾಮೀ ಶೈಲಿಯ ಛಾಯೆಯಿದೆ. ಮಾಘಮಾಸದ ಜಾತ್ರೆಯಲ್ಲಿ ಏಳುವ ಜಯಘೋಷದಲ್ಲಿ ಪೀರನ ಹೆಸರೂ ಮಹಾದೇವನ ಹೆಸರೂ ಒಂದೇ ಉಸಿರಿನಲ್ಲಿ ಬರುತ್ತವೆ. ಅದೇ ಸೀಮೆಯ ಕೊಡೇಕಲ್ಲಿನ ಬಸವಣ್ಣನ ಪರಂಪರೆಯೂ ಈ ಜಾಡಿನದೇ. ಹೊಳೆ ದಾಟಿದರೆ, ತಿಂಥಣಿಯ ಸೇತುವೆಯ ಬಳಿಯಲ್ಲಿಯೇ, ಕನಕ ಗುರುಪೀಠದ ಮಠವಿದೆ.

ಇಲ್ಲಿ ನಾವು ಗಮನಿಸತಕ್ಕದ್ದು ಪವಾಡವನ್ನಲ್ಲ, ಪದ್ಧತಿಯನ್ನು. ತಿಂಥಣಿಗೆ ಬರುವವರಿಗೆ ಹೆಸರನ್ನು ಬದಲಿಸಿಕೊಂಡು ಬನ್ನಿರೆಂದು ಯಾರೂ ಹೇಳಿದ್ದಿಲ್ಲ. ಮೌನುದ್ದೀನನೆನ್ನುವವನು ಮೌನೇಶ್ವರನೆನ್ನುವವನ ಪಕ್ಕದಲ್ಲಿ ನಿಂತುಕೊಳ್ಳಬಹುದು, ತನ್ನ ಹೆಸರನ್ನು ಬಿಡದೆಯೇ. ಇಬ್ಬರೂ ಸೇರಿ ಮೂರನೆಯದೊಂದು ಹೊಸ ಹೆಸರನ್ನು ಕಟ್ಟಲಿಲ್ಲ, ಎರಡನ್ನೂ ಇಟ್ಟುಕೊಂಡರು. ಎಲ್ಲರೂ ಒಂದೇ ತೆರನಾದ ಮೇಲೆ ಕೂಡಿ ಬಾಳೋಣವೆಂದು ಅವರು ಕಾದಿದ್ದರೆ ಜಾತ್ರೆ ಒಂದು ವರ್ಷವೂ ಕೂಡುತ್ತಿರಲಿಲ್ಲ.

ಹಾಗೆಂದು ತಿಂಥಣಿಯನ್ನು ತೋರಿಸಿ ನಮ್ಮ ನಾಡಿನಲ್ಲಿ ಎಲ್ಲವೂ ಸರಿಯಾಗಿದೆ ಎಂದು ಸಮಾಧಾನ ಹೇಳಿಕೊಳ್ಳುವುದು ಆತ್ಮವಂಚನೆ. ಸಾಮರಸ್ಯ ಒಂದು, ಸಮಾನತೆ ಇನ್ನೊಂದು. ಜಾತ್ರೆಯಲ್ಲಿ ಹೆಗಲಿಗೆ ಹೆಗಲು ತಗುಲಿಸಿ ನಡೆದವರು ಊರಿಗೆ ಮರಳಿದಾಗ ತಮ್ಮ ತಮ್ಮ ಕೇರಿಗೆ ಹೋಗುತ್ತಾರೆ. ದೇವರನ್ನು ಹಂಚಿಕೊಂಡವರೆಲ್ಲ ನೀರನ್ನೂ ನೆಲವನ್ನೂ ಹಂಚಿಕೊಂಡಿದ್ದಾರೆಂದು ಹೇಳಲಾಗದು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಎಚ್ಚರಿಸಿದ್ದು ಇಂಥ ವಿರೋಧಾಭಾಸವನ್ನೇ ಕುರಿತು. ರಾಜಕೀಯದಲ್ಲಿ ಸಮಾನರಾದವರು ಸಾಮಾಜಿಕ, ಆರ್ಥಿಕ ಬಾಳಿನಲ್ಲಿ ಅಸಮಾನರಾಗಿ ಎಷ್ಟು ಕಾಲ ಉಳಿದಾರು ಎಂದು ಅವರು ಕೇಳಿದ್ದರು. ಕೇಳಿ ಸುಮ್ಮನಿರಲಿಲ್ಲ. ಮುಂದಿನ ವರ್ಷವೇ, ನಮ್ಮಂತೆ ನಿಜಾಮನ ಆಳ್ವಿಕೆಯಲ್ಲಿ ಹಿಂದುಳಿದಿದ್ದ ಮರಾಠವಾಡದ ಔರಂಗಾಬಾದಿನಲ್ಲಿ, ಮಿಲಿಂದ ಮಹಾವಿದ್ಯಾಲಯಕ್ಕೆ ಜನ್ಮಕೊಟ್ಟರು. ಆ ಪ್ರಶ್ನೆಗೆ ಉತ್ತರ ಕಾಲೇಜಿನಲ್ಲಿಯೂ ಸಿಗಬೇಕೆಂದು ಅವರು ತಿಳಿದಿದ್ದರೆಂಬುದಕ್ಕೆ ಅದು ಸಾಕ್ಷಿ. ಜಾತ್ರೆ ಕೆಲವೇ ದಿನಗಳದು. ಕಾಲೇಜಿನ ವಾಸ ಮೂರು ವರ್ಷಗಳದು. ನಾಯಕರ ಹುಡುಗ, ಲಿಂಗಾಯತರ ಹುಡುಗಿ, ಹೊಲೆಯ ಮಾದಿಗರ ಮಕ್ಕಳು, ಕುರುಬರು, ಲಂಬಾಣಿಗರು, ಮುಸಲ್ಮಾನರು ಎಲ್ಲರೂ ಒಂದೇ ಬೆಂಚಿನಲ್ಲಿ ಇಷ್ಟು ದೀರ್ಘಕಾಲ ಜೊತೆಯಾಗಿ ಕೂಡುವ ಸ್ಥಳ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಈ ಮೂರು ವರ್ಷಗಳನ್ನು ನಾವು ಕಳೆದುಕೊಂಡರೆ ಅವರ ಬಾಳಿನಲ್ಲಿ ಅಂಥ ಮೂರು ವರ್ಷಗಳು ಮತ್ತೆ ಬರಲಾರವು.

ವಿದ್ಯಾರ್ಥಿಗಳ ಮಾತಾಡುವಾಗ ಅಧ್ಯಾಪಕರ ಕೋಣೆಯನ್ನು ಮರೆಯುವಂತಿಲ್ಲ. ಒಂದೇ ಪಾಠವನ್ನು ಹೇಳಿ, ಒಂದೇ ಉತ್ತರಪತ್ರಿಕೆಗಳನ್ನು ತಿದ್ದುವ ಇಬ್ಬರಲ್ಲಿ ಒಬ್ಬರು ಕಾಯಂ, ಇನ್ನೊಬ್ಬರು ಅತಿಥಿ. ರಾಜ್ಯದ ಸರಕಾರಿ ಪದವಿ ಕಾಲೇಜುಗಳು ನಡೆದುಬಂದಿರುವುದು ಸಾವಿರಾರು ಅತಿಥಿ ಉಪನ್ಯಾಸಕರ ದುಡಿಮೆಯಿಂದ. ವರ್ಷದಿಂದ ವರ್ಷಕ್ಕೆ ತನ್ನ ಸ್ಥಾನ ಉಳಿಯುವುದೋ ಇಲ್ಲವೋ ಎಂದು ಎದೆಯಲ್ಲಿ ಅಳುಕಿಟ್ಟುಕೊಂಡವರು, ಹೆದರಬೇಡ, ನಿನಗಾದ ಅವಮಾನವನ್ನು ಧೈರ್ಯವಾಗಿ ಹೇಳು ಎಂದು ವಿದ್ಯಾರ್ಥಿಗೆ ಹೇಗೆ ಹೇಳಿಯಾರು? ಸಮಾನತೆಯನ್ನು ಬೋಧಿಸುವ ಮನೆ ತನ್ನ ಒಳಗೋಡೆಗಳನ್ನೂ ನೋಡಿಕೊಳ್ಳಬೇಕು.

ಹಾಗಾದರೆ ಮಾಡಬೇಕಾದದ್ದೇನು? ಹೊಸ ನಿಯಮಾವಳಿಯ ಭವಿಷ್ಯ ಏನೇ ಆಗಲಿ, ಅದಕ್ಕಾಗಿ ಕಾಯದೆ ಮಾಡಬಹುದಾದ ಕೆಲಸಗಳಿವೆ. ಅವಕ್ಕೆ ಹಣವೂ ಹೆಚ್ಚು ಬೇಡ. 2012ರ ನಿಯಮಗಳನ್ನು ಕನ್ನಡದಲ್ಲಿ ಬರೆಸಿ ಪ್ರತಿ ಕಾಲೇಜಿನ ಗೋಡೆಗೆ ತೂಗಹಾಕಬಹುದು. ದೂರು ಕೇಳುವವರ ಹೆಸರನ್ನು ಅದರ ಕೆಳಗೆ ಬರೆಯಬಹುದು. ಹೆಣ್ಣುಮಕ್ಕಳು ಅಂಜದೆ ಹೋಗಬಲ್ಲ ಒಬ್ಬ ಅಧ್ಯಾಪಕಿ ಅವರಲ್ಲಿರಬೇಕು. ವಿದ್ಯಾರ್ಥಿವೇತನದ ಪಟ್ಟಿಯನ್ನು ಕಚೇರಿಯಿಂದ ಹೊರಗೆ ತರದಿರಬಹುದು. ಸುಗ್ಗಿ, ಗುಳೆಗಳ ಕಾಲದಲ್ಲಿ ಬಿಟ್ಟುಹೋದ ಪಾಠಗಳನ್ನು ಸಂಜೆಯ ಒಂದು ಗಂಟೆಯಲ್ಲಿ ತಿರುಗಿ ಹೇಳಬಹುದು. ಮೊದಲ ವರ್ಷದವರು ತಮ್ಮ ಊರಿನ ಮಾತಿನಲ್ಲಿಯೇ ಮಾತಾಡಿ, ಬರೆಯುವಾಗ ಗ್ರಂಥಸ್ಥ ಭಾಷೆಗೆ ನಿಧಾನವಾಗಿ ಬರುವಂತೆ ಪಾಠವನ್ನು ಹವಣಿಸಬಹುದು. ತಾಂಡಾದ ಹಾಡನ್ನೂ ಮೊಹರಮಿನ ಪದವನ್ನೂ ಮೌನೇಶ್ವರನ ವಚನವನ್ನೂ ವಿದ್ಯಾರ್ಥಿಗಳೇ ಸಂಗ್ರಹಿಸಿ ತಂದರೆ, ಕನ್ನಡ ವಿಭಾಗಕ್ಕೆ ಅದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಮನೆಯಿಂದ ತಂದದ್ದಕ್ಕೆ ಕಾಲೇಜಿನಲ್ಲಿ ಬೆಲೆಯಿದೆ ಎಂದು ತಿಳಿದ ಮಗು, ಕಾಲೇಜು ಕೊಟ್ಟದ್ದನ್ನು ಮನೆಗೆ ಒಯ್ಯಲು ಹಿಂಜರಿಯುವುದಿಲ್ಲ.

ಕಾಲೇಜೊಂದರ ಸಮಾನತೆಯನ್ನು ಅಳೆಯಲು ಪ್ರವೇಶದ ಪಟ್ಟಿಯೊಂದೇ ಸಾಲದು. ಮೊದಲ ವರ್ಷ ಸೇರಿದವರಲ್ಲಿ ಮೂರನೆಯ ವರ್ಷದವರೆಗೆ ಉಳಿದವರು ಯಾರು, ನಡುವೆ ಬಿಟ್ಟುಹೋದವರು ಯಾವ ಊರಿನವರು, ಯಾವ ಕೇರಿಯವರು, ಏಕೆ ಬಿಟ್ಟರು ಎಂಬ ಇನ್ನೊಂದು ಪಟ್ಟಿಯೂ ಬೇಕು. ಅದನ್ನು ಯಾವ ಆಯೋಗವೂ ಬಂದು ಬರೆದುಕೊಡಲಾರದು. ಪ್ರತಿಯೊಂದು ಕಾಲೇಜು ವರ್ಷದ ಕೊನೆಗೆ ಅದನ್ನು ತಾನೇ ಬರೆದು, ತನ್ನ ಅಧ್ಯಾಪಕರ ಸಭೆಯಲ್ಲಿ ಓದಬೇಕು.